ಮನೆ ವೈರಿಂಗ್‌ಗೆ ನಂಬರ್ ಹಾಕುವ ಕ್ರಮ: ಪೈಪಿನಿಂದ ಡಿಬಿ ಬಾಗಿಲಿನವರೆಗೆ

ತ್ರೀ ಫೇಸ್ ಮನೆಯ ಡಿಬಿ (ಎಲ್ಲ ಸರ್ಕ್ಯೂಟ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಷನ್ ಬೋರ್ಡ್) ಕವರ್ ಬಿಚ್ಚಿದರೆ ಫೇಸ್ ವೈರ್‌ಗಳು ಕೆಂಪು, ಹಳದಿ, ನೀಲಿ ಬಣ್ಣದಲ್ಲಿ ಬೇರೆಬೇರೆಯಾಗಿ ಕಾಣುತ್ತವೆ, ಒಂದೊಂದೂ ತನ್ನ ತನ್ನ ಎಂಸಿಬಿಗೆ (ಲೋಡ್ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಹೋಗಿರುತ್ತದೆ. ನ್ಯೂಟ್ರಲ್ ಬಾರ್ (ಕರೆಂಟ್ ವಾಪಸು ಬರುವ ನ್ಯೂಟ್ರಲ್ ವೈರ್‌ಗಳನ್ನು ಸೇರಿಸುವ ಲೋಹದ ಪಟ್ಟಿ) ಕಡೆ ನೋಡಿದರೆ ಉದ್ದಕ್ಕೂ ಒಂದೇ ಥರದ ಕಪ್ಪು ವೈರ್. ಯಾವ ಕಪ್ಪು ಯಾವ ಕೆಂಪಿನ ಜೋಡಿ ಅನ್ನುವುದು ವೈರ್ ಎಳೆದವನಿಗೆ ಮಾತ್ರ ಗೊತ್ತು, ಮೂರು ತಿಂಗಳು ಕಳೆದರೆ ಅವನಿಗೂ ಗೊತ್ತಿರುವುದಿಲ್ಲ. ಎಂಸಿಬಿ ಕೆಳಗೆ ‘ಹಾಲ್’, ‘ಕಿಚನ್’, ‘ಗೀಸರ್’ ಎಂದು ಸ್ಟಿಕ್ಕರ್ ಅಂಟಿಸಿ ಲೇಬಲಿಂಗ್ ಮುಗಿಯಿತು ಎನ್ನುವುದು ವಾಡಿಕೆ. ಮನೆಯವರಿಗೆ ಅಷ್ಟು ಸಾಕು. ಆದರೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸುರಕ್ಷಾ ಸ್ವಿಚ್) ಯಾಕೆ ಪದೇ ಪದೇ ಬೀಳುತ್ತಿದೆ, ಅಂದರೆ ತಾನೇ ಆಫ್ ಆಗುತ್ತಿದೆ ಎಂದು ಹುಡುಕಲು ಬಂದ ಎಲೆಕ್ಟ್ರಿಷಿಯನ್‌ಗೆ ಆ ಸ್ಟಿಕ್ಕರ್‌ನಿಂದ ಕಾಸಿನ ಪ್ರಯೋಜನವಿಲ್ಲ. ಅವನಿಗೆ ಬೇಕಾದ್ದು ವೈರ್ ಮೇಲಿನ ನಂಬರ್, ಅದರಲ್ಲೂ ಕಪ್ಪು ವೈರ್ ಮೇಲಿನ ನಂಬರ್.

ಇಲ್ಲಿ ಲೆಕ್ಕಕ್ಕೆ ಇಟ್ಟುಕೊಂಡಿರುವುದು ಎರಡು ಅಂತಸ್ತಿನ ಒಂದು ಮನೆ. ತ್ರೀ ಫೇಸ್ ಸಂಪರ್ಕ, ಪರ್ ಫೇಸ್ ಐಸೊಲೇಷನ್ ಡಿಬಿ, ಅಂದರೆ ಆರ್, ವೈ, ಬಿ ಎಂಬ ಮೂರು ಫೇಸಿಗೂ ಬೇರೆ ಬೇರೆ ಎರಡು ಪೋಲಿನ (ಫೇಸ್, ನ್ಯೂಟ್ರಲ್ ಎರಡನ್ನೂ ಕತ್ತರಿಸುವ) ಆರ್‌ಸಿಸಿಬಿ, ಮೂರು ಬೇರೆ ನ್ಯೂಟ್ರಲ್ ಬಾರ್. ಫೇಸಿಗೆ ಆರರಂತೆ 18 ಸರ್ಕ್ಯೂಟ್. ಸಿಂಗಲ್ ಫೇಸ್ ಮನೆಗೂ ಇದೇ ಕ್ರಮ ನಡೆಯುತ್ತದೆ.

ಮೊದಲೇ ಹೇಳಬೇಕಾದ ಒಂದು ಮಾತು. ಡಿಬಿಯ ಮೇನ್ ಸ್ವಿಚ್ ಆಫ್ ಮಾಡಿದರೂ ಅದರ ಮೇಲ್ಭಾಗದ, ಮೀಟರ್ ಕಡೆಯಿಂದ ಬರುವ ಟರ್ಮಿನಲ್‌ಗಳಲ್ಲಿ ಕರೆಂಟ್ ಇದ್ದೇ ಇರುತ್ತದೆ. ಡಿಬಿ ಒಳಗೆ ಕೈಹಾಕುವ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನದು. ಮನೆಯ ಯಜಮಾನರು ಮಾಡಬಹುದಾದ್ದು ನಂಬರ್ ಪಟ್ಟಿ ತಯಾರಿಸುವುದು, ಸಾಮಾನು ತಂದಿಡುವುದು, ವೈರ್ ಎಳೆಯುವ ದಿನ ಪಕ್ಕದಲ್ಲಿ ನಿಂತು ನಂಬರ್ ಬೀಳುವಂತೆ ನೋಡಿಕೊಳ್ಳುವುದು, ಚಾರ್ಟ್ ಬರೆಯುವುದು. ಇದು ಸಣ್ಣ ಕೆಲಸವೇನಲ್ಲ.

ಪಟ್ಟಿ ಮೊದಲು

ವೈರ್ ಮೇಲೆ ಕೋಣೆಯ ಹೆಸರು ಬರೆಯಬೇಡಿ. ‘ಮಗಳ ರೂಮ್’ ನಾಲ್ಕು ವರ್ಷಕ್ಕೆ ಆಫೀಸ್ ರೂಮ್ ಆಗುತ್ತದೆ, ‘ಸ್ಟೋರ್’ ಇದ್ದದ್ದು ದೇವರ ಮನೆಯಾಗುತ್ತದೆ. ವೈರ್ ಮೇಲೆ ನಂಬರ್ ಇರಲಿ, ಆ ನಂಬರಿನ ಅರ್ಥ ಚಾರ್ಟ್‌ನಲ್ಲಿರಲಿ. ಹೆಸರು ಬದಲಾದರೆ ಚಾರ್ಟ್‌ನಲ್ಲಿ ಒಂದು ಸಾಲು ತಿದ್ದಿದರೆ ಮುಗಿಯಿತು.

ನಂಬರಿಗೆ ಮೂರು ಭಾಗ: ಡಿಬಿ ನಂಬರ್, ಫೇಸ್ ಅಕ್ಷರ, ಆ ಫೇಸಿನಲ್ಲಿ ಎಷ್ಟನೇ ಎಂಸಿಬಿ. 1-ಆರ್3 ಎಂದರೆ ಒಂದನೇ ಡಿಬಿ, ಆರ್ ಫೇಸ್, ಮೂರನೇ ಎಂಸಿಬಿ. ಈಗ ಡಿಬಿ ಒಂದೇ ಇದ್ದರೂ ಮುಂದಿನ 1 ಬಿಡಬೇಡಿ. ನಾಳೆ ಮೇಲ್ಮಹಡಿ ಬಾಡಿಗೆಗೆ ಕೊಡುವಾಗ ಎರಡನೇ ಡಿಬಿ ಬರುತ್ತದೆ, ಆಗ ಎರಡು ಆರ್3 ಆಗಿ ಗೊಂದಲ ಶುರುವಾಗುತ್ತದೆ. ಕೆಲವರು 1ರಿಂದ 18ರವರೆಗೆ ಸುಮ್ಮನೆ ಓಡುನಂಬರ್ ಕೊಡುತ್ತಾರೆ. ಒಂದು ವೈರನ್ನು ಬೇರೆ ಎಂಸಿಬಿಗೆ ಸ್ಥಳಾಂತರಿಸಿದರೂ ನಂಬರ್ ಬದಲಿಸಬೇಕಿಲ್ಲ ಅನ್ನುವುದು ಅದರ ಲಾಭ. ಆದರೂ ಜಾಗ ತೋರಿಸುವ ನಂಬರೇ ಮೇಲು. ಸಡಿಲವಾಗಿ ಕಳಚಿ ಬಿದ್ದ ವೈರ್ ತಾನು ಎಲ್ಲಿಗೆ ಸೇರಿದ್ದೆಂದು ತಾನೇ ಹೇಳುತ್ತದೆ, ಚಾರ್ಟ್ ಕಳೆದುಹೋಗಿದ್ದರೂ ಹೇಳುತ್ತದೆ.

ಒಂದು ಸರ್ಕ್ಯೂಟಿನ ಫೇಸ್, ನ್ಯೂಟ್ರಲ್, ಅರ್ತ್ ಮೂರಕ್ಕೂ ಒಂದೇ ನಂಬರ್. ಫೇಸಿಗೆ ಬೇರೆ, ನ್ಯೂಟ್ರಲ್‌ಗೆ ಬೇರೆ ಕೊಡುವ ಅಗತ್ಯವಿಲ್ಲ, ಬಣ್ಣವೇ ಅದನ್ನು ಹೇಳುತ್ತದೆ. ಹಾಗಾಗಬೇಕಾದರೆ ಬಣ್ಣದಲ್ಲಿ ಕಟ್ಟುನಿಟ್ಟು ಬೇಕು. ಆರ್ ಕೆಂಪು, ವೈ ಹಳದಿ, ಬಿ ನೀಲಿ, ನ್ಯೂಟ್ರಲ್ ಕಪ್ಪು, ಅರ್ತ್ ಹಸಿರು. ಕೆಂಪು ಕಾಯಿಲ್ ಮುಗಿಯಿತೆಂದು ಎರಡು ಮೀಟರ್ ಹಸಿರು ವೈರಿನಲ್ಲಿ ಫೇಸ್ ಕೊಡುವವರಿದ್ದಾರೆ. ಆ ಕೆಲಸಕ್ಕೆ ಯಾವ ಲೇಬಲ್ ಹಾಕಿದರೂ ಪರಿಹಾರವಿಲ್ಲ, ವೈರ್ ಬದಲಿಸಲೇಬೇಕು.

ತರಬೇಕಾದ ಸಾಮಾನು

ಡಿಬಿಗೂ ಸ್ವಿಚ್‌ಬೋರ್ಡ್‌ಗೂ ಅತ್ಯಂತ ಬಾಳಿಕೆ ಬರುವುದು ಹಳದಿ ಪಿವಿಸಿ ಫೆರೂಲ್ (ವೈರ್ ಮೇಲೆ ಕೂರುವ ನಂಬರಿನ ಉಂಗುರ), ಅದರಲ್ಲೂ ಬಿಡಿ ಅಕ್ಷರದ ಕ್ಲಿಪ್ ಮಾದರಿ. ಪ್ಯಾನೆಲ್ ಸಾಮಾನು ಮಾರುವ ಅಂಗಡಿಯಲ್ಲಿ ಒಂದೊಂದು ಅಂಕೆ, ಒಂದೊಂದು ಅಕ್ಷರಕ್ಕೆ ಬೇರೆ ಪ್ಯಾಕೆಟ್ ಸಿಗುತ್ತದೆ. ನಮ್ಮ 18 ಸರ್ಕ್ಯೂಟಿನ ಲೆಕ್ಕ ಹೀಗೆ: ಸರ್ಕ್ಯೂಟಿಗೆ ಮೂರು ವೈರ್, ವೈರಿಗೆ ಎರಡು ತುದಿ, ಒಟ್ಟು 108 ತುದಿ. ತುದಿಗೆ ಮೂರು ಚೂರು, ಒಟ್ಟು 324 ಚೂರು. ಅದರಲ್ಲಿ ಆರ್, ವೈ, ಬಿ ತಲಾ 36. ಅಂಕೆ 2ರಿಂದ 6ರವರೆಗೆ ತಲಾ 18. ಅಂಕೆ 1 ಮಾತ್ರ 126 ಬೇಕು, ಏಕೆಂದರೆ ಡಿಬಿ ನಂಬರೂ 1. ಎಲ್ಲ ಪ್ಯಾಕೆಟನ್ನೂ ಸಮ ಸಮ ತಂದವರಿಗೆ ಅರ್ಧ ಕೆಲಸದಲ್ಲಿ 1 ಖಾಲಿಯಾಗುತ್ತದೆ. ಕೆಳಗೆ ಬಿದ್ದು ಕಳೆದುಹೋಗುವುದಕ್ಕೆಂದು ನೂರಕ್ಕೆ ಹದಿನೈದರಷ್ಟು ಹೆಚ್ಚೇ ತನ್ನಿ.

ಫೆರೂಲ್ ಅಳತೆ ಕೇಳುವಾಗ ಎಡವುವವರು ಬಹಳ. ಫೆರೂಲ್ ಹಿಡಿಯುವುದು ವೈರಿನ ಹೊರಮೈಯನ್ನು, ಒಳಗಿನ ತಾಮ್ರವನ್ನಲ್ಲ. ಮನೆಗೆ ಬಳಸುವ ವೈರಿನ ಹೊರ ವ್ಯಾಸ ಸುಮಾರಾಗಿ 1.5 ಚದರ ಮಿಮೀಗೆ 3 ಮಿಮೀ, 2.5ಕ್ಕೆ 3.6, 4ಕ್ಕೆ 4.2, 6ಕ್ಕೆ 4.8. ಕಂಪನಿಯಿಂದ ಕಂಪನಿಗೆ ಚೂರು ವ್ಯತ್ಯಾಸವಿರುವುದರಿಂದ ಒಂದೊಂದು ಅಳತೆಯ ಗೇಣುದ್ದ ತುಂಡನ್ನು ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ ಹಾಕಿ ನೋಡುವುದು ಉತ್ತಮ. ದೊಡ್ಡದಾದರೆ ಫೆರೂಲ್ ಜಾರಿ ವೈರ್ ಬಾಗಿದ ಕಡೆ ಹೋಗಿ ಕೂರುತ್ತದೆ, ಚಿಕ್ಕದಾದರೆ ಬಾಯಿ ಬಿರಿದು ಉದುರುತ್ತದೆ.

ಕ್ಲಿಪ್ ಮಾದರಿ ಬೇಡ, ಮುದ್ರಿಸಿದ ಕೊಳವೆ ಫೆರೂಲ್ ಬೇಕು ಎನ್ನುವವರು ಒಂದು ಮಾತು ಮರೆಯಬಾರದು. ಅದನ್ನು ಲಗ್ (ವೈರ್ ತುದಿಯ ಲೋಹದ ತುಂಡು) ಕ್ರಿಂಪ್ ಮಾಡುವ, ಅಂದರೆ ಒತ್ತಿ ಕೂರಿಸುವ ಮೊದಲೇ ವೈರಿಗೆ ತೂರಿಸಬೇಕು. ಕ್ರಿಂಪ್ ಆದಮೇಲೆ ನೆನಪಾದರೆ ಲಗ್ ಕತ್ತರಿಸಿ ಎಸೆಯುವುದೊಂದೇ ದಾರಿ.

ಕೈಬರಹ ಸಾಕು ಅನ್ನುವವರಿಗೆ ತೆಳು ಮೊನೆಯ ಪರ್ಮನೆಂಟ್ ಮಾರ್ಕರ್ ಇದೆ. ಆದರೆ ಬರೀ ಪಿವಿಸಿ ಮೇಲೆ ಬರೆದದ್ದು ಕೈ ತಾಗಿ ತಾಗಿ ಅಳಿಸುತ್ತದೆ. ಬಿಳಿ ಟೇಪಿನ ಮೇಲೆ ಬರೆದು ಅದರ ಮೇಲೆ ಪಾರದರ್ಶಕ ಹೀಟ್ ಶ್ರಿಂಕ್ ಸ್ಲೀವ್ ಕೂರಿಸಿದರೆ ಬಹುಕಾಲ ಉಳಿಯುತ್ತದೆ. 2:1 ಸ್ಲೀವ್ ಅಂದರೆ ಕಾಯಿಸಿದಾಗ ಅರ್ಧ ವ್ಯಾಸಕ್ಕೆ ಇಳಿಯುವುದು. 2.5 ಚದರ ಮಿಮೀ ವೈರಿಗೆ 6 ಮಿಮೀ ಸ್ಲೀವ್ ಸರಿಹೋಗುತ್ತದೆ, 8 ಮಿಮೀ ಆದರೆ ಇಳಿದರೂ 4 ಮಿಮೀ ಆಗಿ ಸಡಿಲವೇ ಉಳಿಯುತ್ತದೆ. ಕಾಯಿಸಲು ಹೀಟ್ ಗನ್ ಬಳಸಿ. ಬೀಡಿ ಲೈಟರ್ ಹಿಡಿದರೆ ಮಸಿ ಹಿಡಿದು ಬರಹವೇ ಕಾಣುವುದಿಲ್ಲ, ಜೊತೆಗೆ ಒಳಗಿನ ಇನ್ಸುಲೇಷನ್ ಮೆತ್ತಗಾಗುತ್ತದೆ. ಮನೆಯ ಪಿವಿಸಿ ವೈರ್ ತಡೆಯುವುದು ಸತತ 70 ಡಿಗ್ರಿ ಶಾಖ ಮಾತ್ರ.

ಲೇಬಲ್ ಪ್ರಿಂಟರ್ ಇದ್ದರೆ ಚಾರ್ಟ್‌ಗೂ ದಪ್ಪ ಕೇಬಲ್‌ಗೂ ಬಹಳ ಅನುಕೂಲ. ಲ್ಯಾಮಿನೇಟೆಡ್ ಟೇಪ್ ಕೇಳಿ. ಬಸ್ ಟಿಕೆಟ್ ಥರದ ಬರೀ ಥರ್ಮಲ್ ಕಾಗದದ ಸ್ಟಿಕ್ಕರ್ ಡಿಬಿಯ ಬಿಸಿಗೆ ಕಪ್ಪಾಗುತ್ತದೆ ಅಥವಾ ಬರಹ ಮಾಸಿಹೋಗುತ್ತದೆ. ತೆಳು ವೈರಿಗೆ ಟೇಪ್ ಲೇಬಲ್ ಸುತ್ತಲು ಹೋಗಬೇಡಿ: 3.6 ಮಿಮೀ ವೈರಿನ ಸುತ್ತಳತೆ 11 ಮಿಮೀ ಅಷ್ಟೇ, ಅಷ್ಟು ಬಿಗಿ ತಿರುವಿನಲ್ಲಿ ಟೇಪ್ ತನ್ನಷ್ಟಕ್ಕೇ ಬಿಚ್ಚಿಕೊಳ್ಳುತ್ತದೆ. ಅಂಥ ಕಡೆ ಎರಡು ತುದಿ ಬೆನ್ನಿಗೆ ಬೆನ್ನು ಅಂಟಿಸಿ ಬಾವುಟದ ಹಾಗೆ ಬಿಡಬೇಕು. ಸೆಲ್ಲೋ ಟೇಪಂತೂ ಬೇಡವೇ ಬೇಡ. ಪಿವಿಸಿಯೊಳಗಿನ ಎಣ್ಣೆಯಂಥ ಅಂಶ ಅಂಟಿಗೆ ಇಳಿದು ವರ್ಷದೊಳಗೆ ಜಿಗುಟು ಮಾತ್ರ ಉಳಿಯುತ್ತದೆ.

ವೈರ್ ಎಳೆಯುವ ದಿನ

ಲೇಬಲಿಂಗ್ ಗೆಲ್ಲುವುದೂ ಸೋಲುವುದೂ ಈ ದಿನವೇ. ಡಿಬಿ ಕೂರಿಸುವ ದಿನ ನಂಬರ್ ಹಾಕಿದರಾಯಿತು ಎಂದು ಬಿಟ್ಟರೆ 18 ಸರ್ಕ್ಯೂಟಿನ ವೈರನ್ನೂ ಮೀಟರ್ ಹಿಡಿದು ಒಂದೊಂದಾಗಿ ಹುಡುಕಬೇಕು.

1. ಪೈಪಿಗೆ ತೂರಿಸುವ ಮೊದಲು ಒಂದು ಸರ್ಕ್ಯೂಟಿನ ಮೂರೂ ವೈರಿನ ತುದಿಗೆ ಮಾಸ್ಕಿಂಗ್ ಟೇಪ್ ಸುತ್ತಿ ನಂಬರ್ ಬರೆಯಿರಿ, ಮೇಲೆ ಪಾರದರ್ಶಕ ಟೇಪ್ ಒಂದು ಸುತ್ತು. ಪೈಪಿನೊಳಗಿಂದ ಎಳೆಯಲು ಬಳಸುವ ಸ್ಪ್ರಿಂಗ್ ವೈರಿಗೆ ಕಟ್ಟುವ ಗಂಟಿನಿಂದ ಎರಡು ಅಡಿ ಹಿಂದೆ ಇರಲಿ, ಗಂಟಿನ ಹತ್ತಿರದ ಟೇಪ್ ಬೆಂಡ್‌ಗಳಲ್ಲಿ ಉಜ್ಜಿ ಕಿತ್ತುಬರುತ್ತದೆ.

2. ಟೇಪ್ ಕಿತ್ತರೂ ಗುರುತು ಉಳಿಯಲಿ ಎಂದು ವೈರಿನ ಮೈಮೇಲೇ ಮಾರ್ಕರ್‌ನಿಂದ ಗೆರೆ ಹಾಕಿ. ಮೂರನೇ ಸರ್ಕ್ಯೂಟಿಗೆ ಮೂರು ಉಂಗುರ, ಐದಕ್ಕೆ ಐದು. ಕಪ್ಪು ವೈರಿನ ಮೇಲೆ ಕಪ್ಪು ಮಾರ್ಕರ್ ಕಾಣದು. ಅದಕ್ಕೆ ಬಿಳಿ ಅಥವಾ ಸಿಲ್ವರ್ ಬಣ್ಣದ ಪೇಂಟ್ ಮಾರ್ಕರ್ ತಂದಿಟ್ಟುಕೊಳ್ಳಿ. ಈ ಒಂದು ಪೆನ್ ಇಲ್ಲದ ಕಾರಣಕ್ಕೇ ನ್ಯೂಟ್ರಲ್‌ಗಳು ನಂಬರ್ ಇಲ್ಲದೆ ಉಳಿಯುವುದು.

3. ಎಳೆದು ಮುಗಿದ ಕೂಡಲೇ, ಕಾಯಿಲಿನಿಂದ ಕತ್ತರಿಸುವ ಮೊದಲೇ, ಈ ಕಡೆಯ ತುದಿಗೂ ನಂಬರ್ ಹಾಕಿ. ಕತ್ತರಿಸಿ ಬಿಟ್ಟ ಮೇಲೆ ‘ಆಮೇಲೆ ಬರೆದರಾಯಿತು’ ಅನ್ನುವ ತುದಿ ಐದು ನಿಮಿಷದಲ್ಲಿ ಉಳಿದವುಗಳ ಜೊತೆ ಬೆರೆತುಹೋಗುತ್ತದೆ.

4. ತುದಿಯಿಂದ ಕನಿಷ್ಠ ಒಂದು ಅಡಿ ಒಳಗೆ ಇನ್ನೊಂದು ಕಡೆಯೂ ಅದೇ ನಂಬರ್ ಬರೆಯಿರಿ. ಫಿಟಿಂಗ್ ದಿನ ಹೆಚ್ಚಾದ ವೈರನ್ನು ಕತ್ತರಿಸಿ ಬಿಸಾಡುತ್ತಾರೆ, ತುದಿಯ ಲೇಬಲ್ ಅದರ ಜೊತೆಯೇ ಕಸಕ್ಕೆ ಹೋಗುತ್ತದೆ. ಹೊಸ ಮನೆಗಳಲ್ಲಿ ಲೇಬಲ್ ಕಾಣೆಯಾಗಲು ಮುಖ್ಯ ಕಾರಣ ಇದೇ.

5. ಒಂದೇ ಪೈಪಿನಲ್ಲಿ ಎರಡು ಸರ್ಕ್ಯೂಟ್ ಬಂದಿದ್ದರೆ ಒಂದೊಂದು ಸರ್ಕ್ಯೂಟಿನ ಮೂರು ವೈರನ್ನು ಒಟ್ಟಿಗೆ ಸೇರಿಸಿ ಟೈ ಕಟ್ಟಿ. ನಂಬರ್ ಹೋದರೂ ಜೋಡಿ ಉಳಿಯುತ್ತದೆ.

ಇದಾದ ಮೇಲೆ ಪುಟ್ಟಿ, ಪೇಂಟ್‌ನವರು ಬರುತ್ತಾರೆ. ಬಾಕ್ಸಿನಿಂದ ಜೋತುಬಿದ್ದ ವೈರಿಗೆಲ್ಲ ಪ್ರೈಮರ್ ಬಳಿದು ಕೆಂಪು, ಕಪ್ಪು, ಹಸಿರು ಎಲ್ಲವೂ ಬಿಳಿಯಾಗಿ ನಿಲ್ಲುತ್ತವೆ. ತುದಿಗಳನ್ನು ಸುರುಳಿ ಸುತ್ತಿ, ಪ್ಲಾಸ್ಟಿಕ್ ಕವರ್‌ನಲ್ಲಿಟ್ಟು, ಟೇಪ್ ಸುತ್ತಿ ಬಾಕ್ಸಿನೊಳಗೆ ತುರುಕಿ, ಬಾಯಿಗೆ ಥರ್ಮಕೋಲ್ ತುಂಡು ಒತ್ತಿ. ಪ್ಲಾಸ್ಟರಿಂಗ್‌ಗೆ ಮೊದಲು ಗೋಡೆ ಕೊರೆದ ಪೈಪ್ ದಾರಿಗಳ ಫೋಟೋ ತೆಗೆದಿಟ್ಟುಕೊಳ್ಳಿ. ಅಳತೆ ಟೇಪನ್ನು ಮೂಲೆಗೆ ಹಿಡಿದು ತೆಗೆದ ಫೋಟೋ ಇದ್ದರೆ ಮುಂದೆ ಟಿವಿ ಸ್ಟ್ಯಾಂಡ್‌ಗೆ ಡ್ರಿಲ್ ಹಾಕುವಾಗ ಉಪಯೋಗಕ್ಕೆ ಬರುತ್ತದೆ.

ಡಿಬಿಯಲ್ಲಿ ಕೂರಿಸುವುದು

ವೈರ್‌ಗಳನ್ನು ಎಂಸಿಬಿಗೆ ಸೇರಿಸುವ ಮೊದಲು ಉದ್ದ ಸರಿ ಮಾಡಿ ತಾತ್ಕಾಲಿಕ ಟೇಪಿನ ನಂಬರ್ ಓದಿ ಫೆರೂಲ್ ಹಾಕಿ, ಆಮೇಲೆ ಟೇಪ್ ತೆಗೆಯಿರಿ. ಟೇಪ್ ತೆಗೆದು ಆಮೇಲೆ ಫೆರೂಲ್ ಹುಡುಕುವುದಲ್ಲ. ಫೆರೂಲ್ ಟರ್ಮಿನಲ್‌ನಿಂದ ಒಂದು ಸೆಂಟಿಮೀಟರ್‌ನಷ್ಟು ಕೆಳಗೆ, ಎಲ್ಲವೂ ಒಂದೇ ಗೆರೆಯಲ್ಲಿ, ಎದುರು ನಿಂತವನಿಗೆ ಓದುವಂತಿರಲಿ. ಅಡ್ಡ ವೈರಿಗೆ ಎಡದಿಂದ ಬಲಕ್ಕೆ, ಲಂಬ ವೈರಿಗೆ ಕೆಳಗಿನಿಂದ ಮೇಲಕ್ಕೆ. ಬರೀ ಅಂಕೆಯ ನಂಬರಾದರೆ 6 ತಲೆಕೆಳಗಾಗಿ 9 ಆಗುವ ಅಪಾಯವಿದೆ. ನಮ್ಮದರಲ್ಲಿ ನಡುವೆ ಇಂಗ್ಲಿಷ್‌ನ ಆರ್, ವೈ ಅಥವಾ ಬಿ ಇರುವುದರಿಂದ ತಲೆ ಯಾವ ಕಡೆ ಎಂದು ತಕ್ಷಣ ಗೊತ್ತಾಗುತ್ತದೆ.

ನ್ಯೂಟ್ರಲ್ ಬಾರ್‌ನಲ್ಲೂ ಎಂಸಿಬಿಯ ಕ್ರಮವೇ ಇರಲಿ. ಆರ್1ರ ನ್ಯೂಟ್ರಲ್ ಆರ್ ಬಾರಿನ ಮೊದಲ ಸ್ಕ್ರೂಗೆ, ಆರ್2ರದು ಎರಡನೆಯದಕ್ಕೆ. ಎರಡು ನ್ಯೂಟ್ರಲ್ ಒಂದೇ ಸ್ಕ್ರೂ ಕೆಳಗೆ ತುರುಕಿದರೆ ಒಂದನ್ನು ಬಿಚ್ಚುವಾಗ ಇನ್ನೊಂದೂ ಸಡಿಲವಾಗುತ್ತದೆ. ಅರ್ತ್ ಬಾರ್‌ಗೂ ಇದೇ ಮಾತು.

ನ್ಯೂಟ್ರಲ್ ಬೆರೆತರೆ ಏನಾಗುತ್ತದೆ

ಆರ್‌ಸಿಸಿಬಿ ಮಾಡುವ ಕೆಲಸ ಸರಳ. ಫೇಸಿನಲ್ಲಿ ಹೋದ ಕರೆಂಟ್ ಅಷ್ಟೂ ತನ್ನದೇ ನ್ಯೂಟ್ರಲ್‌ನಲ್ಲಿ ವಾಪಸು ಬಂತೇ ಎಂದು ನೋಡುತ್ತದೆ. ವ್ಯತ್ಯಾಸ 30 ಮಿಲಿ ಆಂಪಿಯರ್ ಮುಟ್ಟುವಷ್ಟರಲ್ಲಿ ಬೀಳುತ್ತದೆ. ಈಗ ಆರ್ ಫೇಸಿನ ಒಂದು ಲೈಟಿನ ನ್ಯೂಟ್ರಲ್ ತಪ್ಪಿ ವೈ ಬಾರಿಗೆ ಬಂದಿದೆ ಎಂದುಕೊಳ್ಳಿ. ಆರ್‌ನಲ್ಲಿ ಹೋದದ್ದು ಆರ್‌ಗೆ ಬರಲಿಲ್ಲ, ವೈಯಲ್ಲಿ ಹೋಗದ್ದು ವೈಗೆ ಬಂತು. ಎರಡೂ ಆರ್‌ಸಿಸಿಬಿಗೆ ಲೆಕ್ಕ ತಪ್ಪುತ್ತದೆ. ಇದಕ್ಕೆ ದೊಡ್ಡ ಲೋಡ್ ಬೇಕಿಲ್ಲ: 9 ವ್ಯಾಟಿನ ಎಲ್‌ಇಡಿ ಬಲ್ಬ್ 230 ವೋಲ್ಟ್‌ನಲ್ಲಿ ಎಳೆಯುವುದು ಕನಿಷ್ಠ 39 ಮಿಲಿ ಆಂಪಿಯರ್. ಒಂದು ಬಲ್ಬ್ ಸಾಕು. ಅರ್ಧ ವ್ಯಾಟಿನ ಬೆಡ್ ಲ್ಯಾಂಪ್ ಹಾಕಿದರೆ ಮಾತ್ರ ಬೀಳುವುದಿಲ್ಲ. ಹಾಗಾಗಿ ‘ಒಮ್ಮೊಮ್ಮೆ ಬೀಳುತ್ತೆ, ಒಮ್ಮೊಮ್ಮೆ ಇಲ್ಲ’ ಅನ್ನುವ ದೂರು ಶುರುವಾಗುತ್ತದೆ, ಆರ್‌ಸಿಸಿಬಿಯೇ ಕೆಟ್ಟಿದೆ ಎಂದು ಬದಲಿಸುತ್ತಾರೆ, ಹೊಸದೂ ಬೀಳುತ್ತದೆ, ಕೊನೆಗೆ ಅದನ್ನು ಬೈಪಾಸ್ ಮಾಡಿ ನೇರ ಕೊಟ್ಟು ಹೋಗುತ್ತಾರೆ. ಪ್ರಾಣ ಕಾಯಬೇಕಾದ ಸಾಧನ ಕಪ್ಪು ವೈರಿಗೆ ನಂಬರ್ ಇಲ್ಲದ ಕಾರಣಕ್ಕೆ ಹೊರಗೆ ಬಿದ್ದಂತಾಯಿತು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಆರ್3 ಎಂಸಿಬಿ ಆಫ್ ಮಾಡಿ, ಅದರ ಬೋರ್ಡಿನ ನ್ಯೂಟ್ರಲ್ ಗಂಟು ಬಿಚ್ಚುತ್ತಾರೆ. ಆ ನ್ಯೂಟ್ರಲನ್ನು ಬೇರೆ ಫೇಸಿನ ಇನ್ನೊಂದು ಲೋಡೂ ಹಂಚಿಕೊಂಡಿದ್ದರೆ, ಬಿಚ್ಚಿದ ಕ್ಷಣ ಆ ಕಡೆಯ ಕಪ್ಪು ತುದಿಗೆ ಲೋಡಿನ ಮೂಲಕ 230 ವೋಲ್ಟ್ ಬಂದು ನಿಲ್ಲುತ್ತದೆ. ಎಂಸಿಬಿ ಆಫ್ ಇದೆ, ವೈರ್ ಕಪ್ಪಿದೆ, ಕೈಗೆ ಮಾತ್ರ ಶಾಕ್ ಹೊಡೆಯುತ್ತದೆ.

ಬೇರೆ ಬೇರೆ ಬಾರಿನ ನ್ಯೂಟ್ರಲ್‌ಗಳು ಎಲ್ಲೂ ಒಂದಕ್ಕೊಂದು ಸೇರಿಲ್ಲ ಎಂದು ಖಾತ್ರಿ ಮಾಡಿಕೊಳ್ಳುವ ಪರೀಕ್ಷೆ ಹತ್ತು ನಿಮಿಷದ್ದು, ಡಿಬಿ ಚಾಲೂ ಮಾಡುವ ಮೊದಲೇ ಮಾಡಿಸಿ. ಮೇನ್ ಆಫ್, ಮೂರೂ ಆರ್‌ಸಿಸಿಬಿ ಆಫ್, ಎಲ್ಲ ಎಂಸಿಬಿ ಆಫ್, ಯುಪಿಎಸ್ ಇದ್ದರೆ ಅದನ್ನೂ ಆಫ್ ಮಾಡಿ ಅದರ ಇನ್‌ಪುಟ್, ಔಟ್‌ಪುಟ್ ಎರಡನ್ನೂ ಬಿಡಿಸಿ. ಎರಡು ಪೋಲಿನ ಆರ್‌ಸಿಸಿಬಿ ನ್ಯೂಟ್ರಲನ್ನೂ ಕತ್ತರಿಸುವುದರಿಂದ ಈಗ ಮೂರು ಬಾರ್‌ಗಳೂ ಒಂದಕ್ಕೊಂದು ಸಂಬಂಧವಿಲ್ಲದೆ ನಿಂತಿರಬೇಕು. ಕರೆಂಟ್ ಇಲ್ಲವೆಂದು ಖಚಿತಪಡಿಸಿಕೊಂಡು ಮಲ್ಟಿಮೀಟರನ್ನು ಬಜರ್‌ಗೆ (ಎರಡು ತುದಿ ಸೇರಿದ್ದರೆ ಶಬ್ದ ಮಾಡುವ ಸ್ಥಾನಕ್ಕೆ) ಹಾಕಿ ಆರ್-ವೈ, ವೈ-ಬಿ, ಆರ್-ಬಿ ಬಾರ್‌ಗಳ ನಡುವೆ ಮುಟ್ಟಿಸಿ. ಶಬ್ದ ಬರಬಾರದು. ಆಮೇಲೆ ಒಂದೊಂದು ಬಾರಿಗೂ ಅರ್ತ್ ಬಾರಿಗೂ ನಡುವೆ ಮುಟ್ಟಿಸಿ, ಅಲ್ಲೂ ಬರಬಾರದು. ಶಬ್ದ ಬಂದರೆ ಒಂದು ಬಾರಿನ ನ್ಯೂಟ್ರಲ್‌ಗಳನ್ನು ಒಂದೊಂದಾಗಿ ಬಿಡಿಸುತ್ತಾ ಹೋಗಿ. ಯಾವುದನ್ನು ತೆಗೆದಾಗ ನಿಂತಿತೋ ಅದರ ಫೆರೂಲ್ ಓದಿ, ಆ ಬೋರ್ಡಿಗೇ ನೇರ ಹೋಗಿ. ನಂಬರಿನ ಬೆಲೆ ತಿಳಿಯುವುದು ಇಲ್ಲಿ.

ಮೂರು ಫೇಸಿಗೂ ಸೇರಿ ನಾಲ್ಕು ಪೋಲಿನ ಒಂದೇ ಆರ್‌ಸಿಸಿಬಿ, ಒಂದೇ ನ್ಯೂಟ್ರಲ್ ಬಾರ್ ಇರುವ ಡಿಬಿಯಲ್ಲಿ ಈ ಬಾರ್-ಬಾರ್ ಪರೀಕ್ಷೆಗೆ ಅರ್ಥವಿಲ್ಲ. ಅರ್ತ್ ಪರೀಕ್ಷೆ ಮಾತ್ರ ಸಾಕು.

ಚಾರ್ಟ್

ಡಿಬಿ ಬಾಗಿಲ ಒಳಗೆ ಅಂಟಿಸುವ ಚಾರ್ಟ್‌ನಲ್ಲಿ ನಾಲ್ಕು ಕಾಲಂ ಸಾಕು: ನಂಬರ್, ಎಂಸಿಬಿ ಆಂಪ್, ವೈರ್ ಅಳತೆ, ಎಲ್ಲೆಲ್ಲಿಗೆ. ಕನ್ನಡದಲ್ಲೇ ಬರೆಯಿರಿ, ರಾತ್ರಿ ಹನ್ನೊಂದಕ್ಕೆ ಟಾರ್ಚ್ ಹಿಡಿದು ಓದುವವರು ಮನೆಯವರೇ. ಮಾದರಿಗೆ ಮೂರು ಸಾಲು:

1-ಆರ್1, 10 ಆಂಪ್, 1.5: ಕೆಳಗಿನ ಹಾಲ್, ದೇವರ ಮನೆ, ಸಿಟ್‌ಔಟ್‌ನ ಲೈಟ್, ಫ್ಯಾನ್.
1-ವೈ4, 20 ಆಂಪ್, 4: ಮೇಲಿನ ಬಾತ್‌ರೂಮ್ ಗೀಸರ್ ಮಾತ್ರ.
1-ಬಿ2, 16 ಆಂಪ್, 2.5: ಅಡುಗೆಮನೆ ಕಟ್ಟೆಯ ಬಲಗಡೆ ಎರಡು ಸಾಕೆಟ್.

‘ಕಿಚನ್ ಪವರ್’ ಎಂದು ಬರೆಯುವುದಕ್ಕೂ ‘ಕಟ್ಟೆಯ ಬಲಗಡೆ ಎರಡು ಸಾಕೆಟ್’ ಎಂದು ಬರೆಯುವುದಕ್ಕೂ ವ್ಯತ್ಯಾಸ ನೋಡಿ. ವೈರ್ ಅಳತೆ ಬರೆಯುವುದಕ್ಕೆ ಕಾರಣವಿದೆ. ಪದೇ ಪದೇ ಬೀಳುವ 10 ಆಂಪ್ ಎಂಸಿಬಿ ತೆಗೆದು 20 ಹಾಕಿಬಿಡೋಣ ಅನ್ನುವ ಯೋಚನೆ ಯಾರಿಗಾದರೂ ಬಂದೇ ಬರುತ್ತದೆ. ಪಕ್ಕದಲ್ಲೇ 1.5 ಎಂದು ಕಂಡರೆ ಕೈ ತಡೆಯಬಹುದು.

ಚಾರ್ಟ್‌ಗೆ ತಾರೀಕು ಹಾಕಿ ಲ್ಯಾಮಿನೇಟ್ ಮಾಡಿಸಿ, ಒಂದು ಫೋಟೋವನ್ನು ಮನೆಯ ವಾಟ್ಸಾಪ್ ಗುಂಪಿನಲ್ಲಿ ಬಿಟ್ಟಿರಿ. ಬದಲಾವಣೆ ಆದ ದಿನವೇ ಹಳೆಯ ಸಾಲಿಗೆ ಗೀಟು ಹಾಕಿ ಪಕ್ಕದಲ್ಲಿ ಬರೆಯಬೇಕು. ಎಲೆಕ್ಟ್ರಿಷಿಯನ್ ಹೊರಡುವ ಮುಂಚೆ ಬರೆಸಿಕೊಂಡರೆ ಆಯಿತು, ಇಲ್ಲವಾದರೆ ಇಲ್ಲ. ತಪ್ಪು ಚಾರ್ಟ್ ಚಾರ್ಟೇ ಇಲ್ಲದ್ದಕ್ಕಿಂತ ಅಪಾಯ, ಏಕೆಂದರೆ ಅದನ್ನು ನಂಬುತ್ತಾರೆ.

ಎರಡು ಕಡೆಯಿಂದ ಕರೆಂಟ್ ಬರುವ ಮನೆ

ಯುಪಿಎಸ್ ಇರುವ ಮನೆಯಲ್ಲಿ ಮೇನ್ ಆಫ್ ಮಾಡಿದ ಕೂಡಲೇ ಯುಪಿಎಸ್ ತಾನೇ ಚಾಲೂ ಆಗುತ್ತದೆ. ಅಂದರೆ ಮೇನ್ ಆಫ್ ಮಾಡಿದವನೇ ಆ ಲೈನಿಗೆ ಕರೆಂಟ್ ಕೊಟ್ಟಂತಾಯಿತು. ಆ ಸರ್ಕ್ಯೂಟ್‌ಗಳಿಗೆ ಫೇಸ್ ಅಕ್ಷರದ ಬದಲು ಯು ಕೊಡಿ: 1-ಯು1, 1-ಯು2. ಡಿಬಿ ಬಾಗಿಲ ಮೇಲೆ ಕೆಂಪಕ್ಷರದಲ್ಲಿ ‘ಮೇನ್ ಆಫ್ ಮಾಡಿದರೂ ಯು1, ಯು2ರಲ್ಲಿ ಕರೆಂಟ್ ಇರುತ್ತದೆ, ಯುಪಿಎಸ್ ಆಫ್ ಮಾಡಿ’ ಎಂದು ಬರೆದು ಯುಪಿಎಸ್ ಎಲ್ಲಿದೆ ಎಂದೂ ಸೇರಿಸಿ. ಒಂದೇ ಸ್ವಿಚ್‌ಬೋರ್ಡಿನಲ್ಲಿ ಲೈಟ್ ಯುಪಿಎಸ್‌ನದು, 16 ಆಂಪ್ ಸಾಕೆಟ್ ಮೇನಿನದು ಆಗಿರುವುದು ಸಾಮಾನ್ಯ. ಅಂಥ ಬೋರ್ಡಿನ ಬಾಕ್ಸ್ ಒಳಗೆ, ಪ್ಲೇಟ್ ಬಿಚ್ಚಿದ ಕೂಡಲೇ ಕಾಣುವಂತೆ, ‘ಎರಡು ಸಪ್ಲೈ’ ಎಂದು ಲೇಬಲ್ ಇರಬೇಕು.

ಚಾವಣಿ ಸೋಲಾರ್ ಇದ್ದರೆ ಬಣ್ಣದ ಅರ್ಥವೇ ಬದಲಾಗುತ್ತದೆ. ಪ್ಯಾನಲ್‌ನಿಂದ ಇನ್ವರ್ಟರ್‌ಗೆ ಬರುವ ಡಿಸಿ ಕೇಬಲ್‌ನಲ್ಲಿ ಕೆಂಪು ಪ್ಲಸ್, ಕಪ್ಪು ಮೈನಸ್. ಮನೆಯ ಕಪ್ಪು ನ್ಯೂಟ್ರಲ್ ಎಂಬ ಅಭ್ಯಾಸದಲ್ಲಿ ಅದನ್ನು ಮುಟ್ಟಿದರೆ ಗತಿ ಕೆಟ್ಟಿತು. ತಲಾ 50 ವೋಲ್ಟಿನ ಎಂಟು ಪ್ಯಾನಲ್ ಸರಣಿಯಲ್ಲಿದ್ದರೆ 400 ವೋಲ್ಟ್ ಡಿಸಿ, ಬಿಸಿಲಿರುವಷ್ಟು ಹೊತ್ತೂ ಪ್ಯಾನಲ್ ಕಡೆಯಿಂದ ಅದು ಇದ್ದೇ ಇರುತ್ತದೆ. ಆ ಕೇಬಲ್ ಮನೆಯೊಳಗೆ ಹಾದುಹೋಗುವ ಉದ್ದಕ್ಕೂ, ತಿರುವು ಇರುವಲ್ಲೆಲ್ಲ, ‘ಸೋಲಾರ್ ಡಿಸಿ’ ಲೇಬಲ್ ಬೇಕು.

ಹೊರಗಡೆ

ಸಂಪಿನ ಮೋಟಾರ್, ಬೋರ್‌ವೆಲ್ ಸ್ಟಾರ್ಟರ್, ಗೇಟ್ ಲೈಟಿನ ಕೇಬಲ್‌ಗೆ ಅಂಟಿಸುವ ಲೇಬಲ್ ನಿಲ್ಲುವುದಿಲ್ಲ. ಬಯಲುಸೀಮೆಯಲ್ಲಿ ಬಿಸಿಲು ಸುಡುತ್ತದೆ, ಕರಾವಳಿ ಮಲೆನಾಡಿನಲ್ಲಿ ತೇವಕ್ಕೆ ಅಂಟು ಬಿಡುತ್ತದೆ. ಅಕ್ಷರ ಕೆತ್ತಿದ ಅಲ್ಯೂಮಿನಿಯಂ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಬಿಲ್ಲೆ ಕಟ್ಟಿ. ಪ್ಲಾಸ್ಟಿಕ್ ಟೈ ಬಳಸುವುದಾದರೆ ಬಿಸಿಲು ತಡೆಯುವ ಕಪ್ಪು ಟೈ. ಬಿಳಿಯದು ಬಿಸಿಲಿಗೆ ಬೇಗ ಪುಡಿಯಾಗಿ ಬಿಲ್ಲೆ ಕೆಳಗೆ ಬೀಳುತ್ತದೆ. ನೆಲದಡಿ ಹೋಗುವ ಆರ್ಮರ್ಡ್ ಕೇಬಲ್‌ಗೆ (ಲೋಹದ ಕವಚವಿರುವ ಕೇಬಲ್) ಎರಡೂ ತುದಿಯಲ್ಲಿ ಬಿಲ್ಲೆ, ಕೇಬಲ್ ಮೇಲೆ ಒಂದಡಿ ಮಣ್ಣು ಹಾಕಿದ ನಂತರ ಎಚ್ಚರಿಕೆ ಪಟ್ಟಿ. ಮನೆಯ ವೋಲ್ಟೇಜಿನ ಕೇಬಲ್ 75 ಸೆಂಟಿಮೀಟರ್ ಆಳದಲ್ಲಿರಬೇಕು. ಅರ್ತ್ ಪಿಟ್ ಮುಚ್ಚಳದ ಮೇಲೆ ನಂಬರ್, ಅಳೆದ ಓಮ್, ಅಳೆದ ತಾರೀಕು.

ಹಳೆಯ ಮನೆಗೆ ನಂಬರ್ ಹಾಕುವುದು

ಗೋಡೆ ಒಡೆಯುವ ಪ್ರಶ್ನೆಯಿಲ್ಲ, ಇಬ್ಬರು, ಒಂದು ಭಾನುವಾರ ಸಾಕು. ಮನೆಯ ಎಲ್ಲ ಲೈಟ್, ಫ್ಯಾನ್ ಹಾಕಿ. ಒಬ್ಬರು ಡಿಬಿ ಹತ್ತಿರ, ಇನ್ನೊಬ್ಬರು ಫೋನ್ ಹಿಡಿದು ಕೋಣೆಗಳಲ್ಲಿ. ಒಂದು ಎಂಸಿಬಿ ಮಾತ್ರ ಆಫ್ ಮಾಡಿ ಏನೇನು ನಿಂತಿತು ಎಂದು ಬರೆದುಕೊಳ್ಳಿ, ಪ್ರತಿ ಸಾಕೆಟಿಗೂ ಟೇಬಲ್ ಲ್ಯಾಂಪ್ ಚುಚ್ಚಿ ನೋಡಿ. ನಂತರ ಅದನ್ನು ಆನ್ ಮಾಡಿ ಮುಂದಿನದು. ಫೇಸ್ ಪಟ್ಟಿ ಇಷ್ಟಕ್ಕೆ ಸಿದ್ಧ.

ನ್ಯೂಟ್ರಲ್ ಹುಡುಕಲು ಎಲೆಕ್ಟ್ರಿಷಿಯನ್ ಬೇಕು. ಮೇನ್, ಯುಪಿಎಸ್ ಎಲ್ಲ ಆಫ್ ಮಾಡಿ, ಬಾರಿನಿಂದ ನ್ಯೂಟ್ರಲ್‌ಗಳನ್ನು ಬಿಡಿಸಿ, ಬೋರ್ಡಿನಲ್ಲಿ ಆ ಸರ್ಕ್ಯೂಟಿನ ಕಪ್ಪನ್ನು ಹಸಿರಿಗೆ ತಾತ್ಕಾಲಿಕವಾಗಿ ಸೇರಿಸಿ, ಡಿಬಿಯಲ್ಲಿ ಅರ್ತ್ ಬಾರಿಗೂ ಒಂದೊಂದು ಕಪ್ಪಿಗೂ ನಡುವೆ ಮೀಟರ್ ಮುಟ್ಟಿಸುತ್ತಾ ಬರಬೇಕು. ಬಜರ್ ಶಬ್ದವನ್ನಷ್ಟೇ ನಂಬಬೇಡಿ, ಓಮ್ ಓದಿ. 2 ಕಿಲೋವ್ಯಾಟ್ ಗೀಸರ್ ಕಾಯಿಲಿನ ರೆಸಿಸ್ಟೆನ್ಸ್ 26 ಓಮ್ ಅಷ್ಟೇ, ಅದಕ್ಕೂ ಎಷ್ಟೋ ಮೀಟರ್‌ಗಳು ಕೂಗುತ್ತವೆ. ಬರೀ ತಾಮ್ರದ ದಾರಿಯಾದರೆ ಮನೆಯಳತೆಯ ದೂರಕ್ಕೆ ಒಂದು ಓಮ್‌ಗಿಂತ ಕಡಿಮೆ ತೋರಿಸಬೇಕು. ಸಿಕ್ಕ ಕಪ್ಪಿಗೆ ಅಲ್ಲೇ ಕ್ಲಿಪ್ ಫೆರೂಲ್, ಸೇರಿಸಿದ ಗಂಟು ಬಿಚ್ಚಿ ಮುಂದಿನ ಬೋರ್ಡಿಗೆ.

ಎಷ್ಟು ಹುಡುಕಿದರೂ ಏನನ್ನೂ ಆಫ್ ಮಾಡದ ಒಂದು ಎಂಸಿಬಿ ಬಹುತೇಕ ಹಳೆ ಮನೆಗಳಲ್ಲಿ ಉಳಿಯುತ್ತದೆ. ಅದಕ್ಕೆ ‘ಸ್ಪೇರ್’ ಎಂದು ಬರೆಯಬೇಡಿ. ಸ್ಪೇರ್ ಎಂದರೆ ವೈರ್ ಇಲ್ಲದ್ದು, ಇದರಲ್ಲಿ ವೈರ್ ಇದೆ, ಆನ್ ಮಾಡಿದರೆ ಕರೆಂಟೂ ಇದೆ. ಒಂದು ವಾರ ಅದನ್ನು ಆಫ್ ಮಾಡಿಟ್ಟು ಯಾರು ದೂರು ತರುತ್ತಾರೆ ನೋಡಿ. ಕರೆಗಂಟೆ, ಸಿಸಿ ಕ್ಯಾಮೆರಾ, ಸಂಪಿನ ಆಟೊಮ್ಯಾಟಿಕ್ ಸ್ವಿಚ್, ಮೆಟ್ಟಿಲ ಕೆಳಗಿನ ಸಾಕೆಟ್, ಕೆಲವೊಮ್ಮೆ ಪಕ್ಕದ ಪೋರ್ಷನ್‌ನವರ ಗೇಟ್ ಲೈಟ್. ಆಗಲೂ ತಿಳಿಯದಿದ್ದರೆ ಆಫ್ ಆಗಿಯೇ ಇರಲಿ. ಲೇಬಲ್ ಮೇಲೆ ‘ಎಲ್ಲಿಗೆಂದು ಗೊತ್ತಿಲ್ಲ, ವೈರ್ ಇದೆ’ ಎಂದು ತಾರೀಕು ಸಮೇತ ಬರೆದಿಡಿ.